ಉಜ್ಜಿಹೋದ ಹೀಟ್ ನಂಬರ್

"ಇದರ ನಂಬರ್ ಎಲ್ಲುಂಟು ಶೆಟ್ರೇ?" ಬೈಕಂಪಾಡಿಯ ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ, ಸಿದ್ಧವಾಗಿದ್ದ ಟ್ಯಾಂಕಿನ ಮೇಲೆ ಬೆರಳಿಟ್ಟು ಇನ್‌ಸ್ಪೆಕ್ಟರ್ ಕೇಳಿದಾಗ ನಾನೂ ಬಗ್ಗಿ ಹುಡುಕಿದೆ. ಟ್ಯಾಂಕಿನ ಉಕ್ಕಿನ ಪ್ಲೇಟು ಯಾವ ಎರಕದ್ದೆಂದು ಹೇಳುವ ಹೀಟ್ ನಂಬರ್ ಅಲ್ಲಿರಬೇಕಿತ್ತು. ಅದಿಲ್ಲದಿದ್ದರೆ ಉಕ್ಕಿನ ಕಾರ್ಖಾನೆ ಕೊಟ್ಟ ಗುಣಮಟ್ಟದ ಸರ್ಟಿಫಿಕೇಟ್ ಬರೀ ಕಾಗದ. ಇನ್‌ಸ್ಪೆಕ್ಷನ್ನಿಗೆ ಚಂದ ಕಾಣಲಿ ಎಂದು ನಮ್ಮವರು ಗ್ರೈಂಡರ್ ಹಿಡಿದು ನಂಬರನ್ನೂ ಸೇರಿಸಿ ಫಳಫಳ ಉಜ್ಜಿಬಿಟ್ಟಿದ್ದರು! ಟ್ಯಾಂಕನ್ನು ಹೊತ್ತು ಪಣಂಬೂರಿಗೆ ಹೊರಡಬೇಕಾದ ಲಾರಿ ಗೇಟಿನಲ್ಲಿ ಕಾಯುತ್ತಿತ್ತು.

ಸ್ಟೋರ್ ನೋಡಿಕೊಳ್ಳುವ ಹಮೀದಾಕ ಕಂಪ್ಯೂಟರಿನತ್ತ ನಡೆದರು. "ಗಡಿಬಿಡಿ ಎಂತಕ್ಕೆ ಮಾರಾಯ್ರೇ? ನಂಬರಿನ ಫೋಟೊ ಹಾಕದೆ ಈ ಸಾಫ್ಟ್‌ವೇರ್ ಒಂದು ತುಂಡನ್ನೂ ಮುಂದಿನ ಕೆಲಸಕ್ಕೆ ಬಿಡುವುದಿಲ್ಲ." ಅದರಲ್ಲಿನ ನಕ್ಷೆಯಲ್ಲಿ ಟ್ಯಾಂಕಿನ ಆ ಭಾಗವನ್ನು ಒತ್ತಿದ್ದೇ ತಡ, ಪ್ಲೇಟು ಕತ್ತರಿಸುವಾಗ ಮತ್ತು ವೆಲ್ಡಿಂಗ್ ಆದ ಮೇಲೆ ತೆಗೆದ ಫೋಟೊಗಳು ಸರ್ಟಿಫಿಕೇಟಿನ ಜೊತೆಗೇ ಪರದೆಗೆ ಬಂದವು. ಎರಡರಲ್ಲೂ ನಂಬರ್ ಸ್ಪಷ್ಟವಾಗಿತ್ತು. ಇನ್‌ಸ್ಪೆಕ್ಟರ್ ತಾಳೆ ನೋಡಿ, ತಮ್ಮೆದುರೇ ಅದನ್ನು ಮತ್ತೆ ಪಂಚ್ ಹೊಡೆಸಿದರು. ಸುತ್ತಿಗೆಯ ಕೊನೆಯ ಪೆಟ್ಟು ಬಿದ್ದ ಮೇಲೆಯೇ ನಾನು ಸರಿಯಾಗಿ ಉಸಿರಾಡಿದ್ದು.

ಅಂದಿನಿಂದ ನಮ್ಮವರು ನಂಬರಿನ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಅದರಾಚೆ ಮಾತ್ರ ಉಜ್ಜುತ್ತಾರೆ. ಹೊಳೆಯುವ ಟ್ಯಾಂಕಿನಲ್ಲಿ ಅಂಗೈಯಗಲ ಜಾಗ ಮಂಕಾಗಿ ಉಳಿಯುತ್ತದೆ. ನನ್ನ ಕಣ್ಣಿಗೀಗ ಆ ಮಂಕೇ ಚಂದ.