ಬೇಲಿ ಮೇಲಿನ ಬಾಟಲಿಗಳು

ನಮ್ಮಕ್ಕನ ಅಡುಗೆಮನೆಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಒಲೆಯ ಪಕ್ಕದಲ್ಲೇ ಗಾಜಿನ ಜಾಡಿಗಳಲ್ಲಿ ಹಣ್ಣುನೊಣದ ಹೊಟ್ಟೆಯ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದಳು. ತಿಂದದ್ದನ್ನು ಅರಗಿಸಲು ನೊಣಕ್ಕೆ ನೆರವಾಗುವ ಜೀವಿಗಳಂತೆ ಅವು. ಅವುಗಳ ವಾಸನೆ ಬಂದರೆ ಸಾಕು, ಊಟ ಸಿಕ್ಕಿತೆಂದು ನೊಣ ಹಾರಿ ಬರುತ್ತದೆ. ಅವು ಬೆಳೆದ ಜಾಡಿಯ ನೀರನ್ನು ತೂತು ಕೊರೆದ ಬಾಟಲಿಗೆ ಸುರಿದು ಮರಕ್ಕೆ ಕಟ್ಟಿದರೆ, ಒಳಹೊಕ್ಕ ನೊಣ ಮುಳುಗಿ ಸಾಯುತ್ತದೆ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದು ಕಲಿತ ವಿದ್ಯೆ ಅದು.

“ಥೂ, ಇದೇನು ಮನೇನೋ ಚರಂಡೀನೋ!” ಎಂದರೆ ನಗುತ್ತಿದ್ದಳು. “ನಿನಗೆ ನಾತ, ಅವಕ್ಕೆ ಮದುವೆ ಊಟ ಕಣೇ.”

ಅಪ್ಪ ಅಮ್ಮ ಬೇಗ ಹೋಗಿಬಿಟ್ಟರು. ತಮ್ಮನನ್ನು ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿದವಳು ಅಕ್ಕನೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ “ಮೊದಲು ಇವನೊಂದು ದಡ ಸೇರಲಿ” ಎನ್ನುತ್ತಿದ್ದಳು. ನಾನು ಪಾಲು ಬೇಡವೆಂದಿದ್ದರಿಂದ ಸೀಬೆ ತೋಟ ಅವರಿಬ್ಬರಿಗೆ ಅರ್ಧರ್ಧವಾಯಿತು. ನಡುವೆ ಒಂದು ತಂತಿ ಬೇಲಿ.

ಆ ವರ್ಷ ಹಣ್ಣಿನ ರಸದ ಕಾರ್ಖಾನೆಯವರು ಅಕ್ಕನ ಫಸಲು ಕೊಳ್ಳಲು ಒಪ್ಪಿದ್ದರು. ಹಣ್ಣಲ್ಲಿ ಹುಳ ಸಿಕ್ಕರೆ ಮಾತ್ರ ಇಡೀ ತೋಟಕ್ಕೇ ನಮಸ್ಕಾರ. ಪ್ರಯೋಗಾಲಯದ ಕೆಲಸ ಎಂದೋ ಮುಗಿದಿತ್ತು; ಸೀಬೆ ಬಿಟ್ಟರೆ ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ.

ತಮ್ಮ ಕೇಳಿದ್ದೇ ತಡ, ಅವನಿಗೂ ಬಾಟಲಿ ತುಂಬಿಕೊಟ್ಟು ಪಾಠ ಹೇಳಿದಳು. “ನಿನ್ನ ತೋಟದ ನಡುಮಧ್ಯೆ ಕಟ್ಟು, ಪುಟ್ಟಾ. ಬಂದ ನೊಣವೆಲ್ಲ ಒಳಗೆ ಬೀಳಲ್ಲ, ಒಂದಿಷ್ಟು ಪಕ್ಕದ ಹಣ್ಣಿಗೆ ಕೂತು ಮೊಟ್ಟೆ ಇಡುತ್ತೆ, ಅದೇ ಹುಳ ಆಗೋದು. ಬೇಲಿಗೆ ಕಟ್ಟಿದರೆ ಪಕ್ಕದವರ ಮನೆ ಹಾಳು.”

“ಅಷ್ಟೂ ಗೊತ್ತಾಗಲ್ವಾ ನನಗೆ?” ಎಂದ ಮಹಾರಾಯ.

ಸೀಬೆ ಹಣ್ಣಾಗುವ ಹೊತ್ತಿಗೆ ಅಕ್ಕನ ಮರಗಳಡಿ ಮೆತ್ತಗಾದ ಕಾಯಿ ಉದುರತೊಡಗಿದವು. ಕೊಯ್ದರೆ ಒಳಗೆ ಬಿಳಿ ಹುಳಗಳ ಮಿಜಿಮಿಜಿ. ಅಕ್ಕ ತನ್ನನ್ನೇ ಬೈದುಕೊಂಡಳು, ಬ್ಯಾಕ್ಟೀರಿಯಾ ಕೆಟ್ಟಿರಬೇಕು ಅಂತ. ಊಟ ಬಿಟ್ಟು ಹೊಸದು ಬೆಳೆಸಿದಳು. ಮೊದಲ ಜಾಡಿಯನ್ನು ತಮ್ಮನಿಗೇ ಕೊಟ್ಟಳು. “ನಿಂದೂ ಕೆಟ್ಟಿರಬಹುದು, ಬದಲಾಯಿಸಿಬಿಡೋ.” ಅವನು ಕಣ್ಣು ಪಿಳುಕಿಸದೆ ತೆಗೆದುಕೊಂಡ! ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವನಿಗೆ ಸಹಾಯವಾಗಲಿ ಅಂತ ಮರುದಿನ ನಾವಿಬ್ಬರೂ ಅವನ ತೋಟಕ್ಕೆ ಹೋದೆವು. ನಡುವೆ ಒಂದೇ ಒಂದು ಬಾಟಲಿ ಇಲ್ಲ. ಎಲ್ಲವೂ ಬೇಲಿಯುದ್ದಕ್ಕೂ, ಅಕ್ಕನ ಮರಗಳಿಗೆ ತಾಗುವಂತೆ ತೂಗುತ್ತಿದ್ದವು. ಅವನ ಹಣ್ಣು ಮಾತ್ರ ಕಲೆಯಿಲ್ಲದೆ ಮಿರಮಿರ ಮಿಂಚುತ್ತಿತ್ತು.

“ಏನೋ ಇದು, ದ್ರೋಹಿ!” ಎಂದು ನಾನು ಕಿರುಚಿದೆ.

ಅಲ್ಲೇ ಹಣ್ಣು ಕೀಳುತ್ತಿದ್ದ ಅವನು ನನ್ನತ್ತ ತಿರುಗಲೂ ಇಲ್ಲ. “ನೊಣ ಎಲ್ಲಾದರೂ ಹೋಗಲೇಬೇಕಲ್ಲ, ಅಕ್ಕಾ. ನನಗೆ ಹೆಂಡತಿ ಮಕ್ಕಳಿದ್ದಾರೆ. ನಿನಗೆ ಯಾರಿದ್ದಾರೆ ಹೇಳು?”

ಅಕ್ಕ ಬೇಲಿಯ ತಂತಿ ಹಿಡಿದುಕೊಂಡಳು.

“ನೀನಿದ್ದೀಯ ಅಂದ್ಕೊಂಡಿದ್ದೆ ಕಣೋ,” ಎಂದಳು.