ಕಾಲು ಮಾತ್ರ ಉಳಿದ ಕೊಕ್ಕರೆ

ಅಕ್ಕ ತೀರಿಕೊಂಡ ಐದನೇ ತಿಂಗಳಿಗೆ ಅವಳು ಮಾಡಿದ ಒಂದು ಸಿಮೆಂಟು ಕೊಕ್ಕರೆ ಕಳುವಾಯಿತು. ಮನೆ ಮುಂದಿನ ಕೈತೋಟದಲ್ಲಿ ಮೂರಿದ್ದವು. ಬೆಳಿಗ್ಗೆ ಹೊರಗೆ ಬಂದ ತಮ್ಮನಿಗೆ ಎರಡೇ ಕಂಡವು. ಮೂರನೆಯದರ ಜಾಗದಲ್ಲಿ ಮಣ್ಣಿನಲ್ಲಿ ಎರಡು ತೂತು.

"ಯಾವನೋ ಅವನು!" ಎಂದು ಅವನು ಕೂಗಿದ ಕೂಗಿಗೆ ಬೀದಿನಾಯಿಗಳೆಲ್ಲ ಎದ್ದು ಕೂತವು.

ಅವನದು ಕಿಟಕಿ ಗ್ರಿಲ್ಲು, ಗೇಟು ಮಾಡುವ ಅಂಗಡಿ. ವೆಲ್ಡಿಂಗ್‌ಗಿಂತ ಅವನ ಬಾಯಿಂದ ಹಾರುವ ಕಿಡಿಯೇ ಜಾಸ್ತಿ ಎಂದು ಗಿರಾಕಿಗಳು ನಗುತ್ತಿದ್ದರು. ತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು. ಅಂಗಡಿಯಲ್ಲಿ ಮಿಕ್ಕ ಸರಳಿನ ತುಂಡುಗಳನ್ನು ಬಟ್ಟೆ ಚೀಲದಲ್ಲಿ ಹೊತ್ತು ತಂದು ಕಾಲು ಮಾಡುವಳು, ತಂತಿಬಲೆ ಸುತ್ತಿ ಮೈ ಮಾಡಿ ಸಿಮೆಂಟು ಮೆತ್ತುವಳು. ಕಣ್ಣಿಗೆ ಬಣ್ಣವಿಲ್ಲ, ಹಸಿ ಸಿಮೆಂಟಿನ ಮೇಲೆ ಹೆಬ್ಬೆರಳು ಒತ್ತುವಳು. ಬಗ್ಗಿ ನೋಡಿದರೆ ಬೆರಳಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಅವಳ ಬೆರಳಿನ ಗುರುತು ಈ ಲೋಕದಲ್ಲಿ ಉಳಿದಿದ್ದು ಅಲ್ಲಿ ಮಾತ್ರ.

"ಉಳಿದಿದ್ದನ್ನ ಒಳಗೆ ತಂದಿಟ್ಟುಬಿಡ್ರೀ" ಎಂದಳು ಹೆಂಡತಿ.

"ಸುಣ್ಣ ಹೊಡೆಯುವಾಗ ಎರಡು ದಿನ ಒಳಗಿಟ್ಟಿದ್ದಕ್ಕೆ ಅಕ್ಕ ಏನಂದಳು, ಮರೆತೆಯಾ? ಮಂಚದ ಕೆಳಗೆ ಇಡೋಕೆ ಮಾಡಿದ್ನೇನೋ, ಬೀದೀಲಿ ಹೋಗೋರು ನೋಡ್ಲಿ ಅಂತ ಮಾಡಿದ್ದು ಅಂತ ಬೈದಳಲ್ಲ!"

"ಅತ್ತಿಗೆ ಬೈದಿದ್ದು ನಿಜ. ಆದರೆ ಆಗ ಕಳ್ಳರಿರಲಿಲ್ಲ."

ಅವನು ಕೇಳಲಿಲ್ಲ. ಭಾನುವಾರ ಎರಡಡಿ ಗುಂಡಿ ತೋಡಿದ. ಕೊಕ್ಕರೆಗಳ ಕಾಲಿಗೆ ಅಡ್ಡ ಸರಳು ಬೆಸೆದು, ಗುಂಡಿಗೆ ಇಳಿಸಿ, ಜಲ್ಲಿ ಕಾಂಕ್ರೀಟು ತುಂಬಿದ. ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಕಾಂಪೌಂಡಿನ ಮೇಲೆ ಗಲ್ಲ ಊರಿ, "ಏನಪ್ಪಾ, ಕೊಕ್ಕರೆಗೆ ಅಡಿಪಾಯನಾ? ಮೇಲೆ ಎಷ್ಟು ಮಹಡಿ?" ಎಂದ.

"ಬರಲಿ ಅವನು. ಎಳೆದು ಎಳೆದು ಸೊಂಟ ಮುರೀಬೇಕು!"

ಹನ್ನೊಂದನೇ ದಿನ ಮುರಿದಿತ್ತು, ಸೊಂಟವಲ್ಲ. ಕಾಂಕ್ರೀಟಿನಿಂದ ಒಂದು ಕೊಕ್ಕರೆಯ ಎರಡು ಕಾಲು ನೆಟ್ಟಗೆ ನಿಂತಿದ್ದವು. ಮೇಲೆ ಏನೂ ಇರಲಿಲ್ಲ. ಮೈ ಚರಂಡಿಯಲ್ಲಿ ಬಿದ್ದಿತ್ತು. ಕಳ್ಳ ಕತ್ತು ಹಿಡಿದು ಎಳೆದಿದ್ದ. ಬುಡ ಅಲುಗದೆ ಮೈ ಕಿತ್ತು ಬಂದಿತ್ತು, ತಲೆ ಚೂರಾಗಿತ್ತು. ಅವನು ಚರಂಡಿಗಿಳಿದು ಚೂರುಗಳನ್ನೆಲ್ಲ ಆರಿಸಿದ. ಕಣ್ಣು ಸಿಗಲಿಲ್ಲ.

ಕಳ್ಳನ ವಂಶವನ್ನೇ ಬೈದ. ಉರಿಯದ ಬೀದಿದೀಪವನ್ನು ಬೈದ, ಬೊಗಳದ ನಾಯಿಗಳನ್ನು ಬೈದ, ಮಾತೇ ಆಡದ ಹೆಂಡತಿಯನ್ನೂ ಬೈದ. ಅದೇ ಸಿಟ್ಟಿನಲ್ಲಿ ಅಂಗಡಿಗೆ ಹೋದ. ಗಿರಾಕಿಯೊಬ್ಬ ಕಿಟಕಿಗೆ ದಪ್ಪ ಸರಳು ಬೇಕೆಂದ. ಮೂವತ್ತು ವರ್ಷದಿಂದ ಹೇಳುತ್ತ ಬಂದ ಮಾತು ತಾನಾಗಿಯೇ ಬಾಯಿಗೆ ಬಂತು: "ಸರಳು ದಪ್ಪ ಆದ್ರೆ ಸಾಲದು ಸ್ವಾಮಿ. ಗೋಡೆ ಮೆತ್ತಗಿದ್ರೆ ಕಳ್ಳ ಗೋಡೇನೇ ಕಿತ್ತು..." ಅಷ್ಟಕ್ಕೇ ನಿಂತ. ಊರಿಗೆಲ್ಲ ಹೇಳಿದ್ದನ್ನು ಅಕ್ಕನ ಕೊಕ್ಕರೆಯ ಹತ್ತಿರ ಮರೆತಿದ್ದ. ಸುಮ್ಮನೆ ಮಣ್ಣಿನಲ್ಲಿ ಬಿಟ್ಟಿದ್ದರೆ ಅದು ಇವತ್ತು ಯಾರದೋ ತೋಟದಲ್ಲಾದರೂ ಇಡಿಯಾಗಿ ನಿಂತಿರುತ್ತಿತ್ತು. ಕೊಂದವನು ಕಳ್ಳನೊಬ್ಬನೇ ಅಲ್ಲ.

ಮಧ್ಯಾಹ್ನಕ್ಕೇ ಶಟರ್ ಎಳೆದು ಮನೆಗೆ ಬಂದ. ಕಾಂಕ್ರೀಟಿನ ಮಟ್ಟಕ್ಕೆ ಸರಿಯಾಗಿ ಗ್ರೈಂಡರ್ ಹಿಡಿದು ಕೊನೆಯ ಕೊಕ್ಕರೆಯ ಕಾಲು ಕೊಯ್ದ. ಕಿಡಿ ತಾಗಬಾರದೆಂದು ಹೆಂಡತಿ ಅದರ ತಲೆಗೆ ಒದ್ದೆ ಟವೆಲ್ ಸುತ್ತಿ ಹಿಡಿದಿದ್ದಳು.

"ಇನ್ನಾದ್ರೂ ಒಳಗೆ ತರ್ತೀರಾ?"

"ಇಲ್ಲ."

ಪಕ್ಕದ ಪಾತಿಯ ಸಡಿಲ ಮಣ್ಣಿನಲ್ಲಿ ಅದನ್ನು ನಿಲ್ಲಿಸಿದ. ಆಮೇಲೆ ಒಂದು ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಮುಂದೆ ನೆಟ್ಟ. ಬ್ರಶ್ಶು ಒತ್ತಿದ ರಭಸಕ್ಕೆ ಅಕ್ಷರಗಳಿಂದ ಬಣ್ಣ ಸೋರುತ್ತಿತ್ತು:

"ಲೋ ಕಳ್ಳ, ಒಯ್ಯೋದಾದ್ರೆ ಹೊಟ್ಟೆ ಕೆಳಗೆ ಎರಡೂ ಕೈ ಕೊಟ್ಟು ಎತ್ತು. ಕತ್ತು ಹಿಡಿದು ಎಳೆದೆಯೋ, ಜೋಕೆ."