ಸಿದ್ದರಾಜುವಿನ ತಲೆಗೆ ಕಟ್ಟಿದ ನಡುಕ

ಎಂಜಿನ್ ಮೌಂಟಿನ ರಬ್ಬರ್ ಹರಿದಿರಬಹುದು, ಸ್ಪಾರ್ಕ್ ಪ್ಲಗ್ ಸವೆದಿರಬಹುದು, ಏರ್ ಫಿಲ್ಟರಿನಲ್ಲಿ ದೂಳು ಕಟ್ಟಿರಬಹುದು, ಪೆಟ್ರೋಲಿಗೆ ನೀರು ಸೇರಿರಬಹುದು, ಯಾವುದೋ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು — ಕಾರು ನಡುಗಿದ್ದಕ್ಕೆ ಇಷ್ಟೂ ಕಾರಣಗಳನ್ನು ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿ, ಕೊನೆಗೆ, ಸಿದ್ದರಾಜು, ತಪ್ಪನ್ನು ನಿನ್ನ ತಲೆಗೆ ಕಟ್ಟಿದವನು ನಾನು. ನಿನ್ನದಲ್ಲವೆಂದು ಮೂರೇ ದಿನಕ್ಕೆ ಗೊತ್ತಾಯಿತು. ಹೇಳದೆ ನಾಲ್ಕು ವರ್ಷ ಕಳೆದೆ.

ಆಯುಧಪೂಜೆಯ ಹಿಂದಿನ ವಾರ ಹನೂರಿನ ನಿನ್ನ ಗ್ಯಾರೇಜಿನಲ್ಲಿ ಎಂಜಿನ್ ಕೂರುವ ರಬ್ಬರ್ ಮೌಂಟ್ ಬದಲಾಯಿಸಿಕೊಂಡಿದ್ದೆ. ಹಬ್ಬ ಕಳೆದ ಮೇಲೆ ಸ್ಟಾರ್ಟ್ ಮಾಡಿದರೆ — ಸ್ಟೀರಿಂಗು, ಸೀಟು, ನನ್ನ ಕನ್ನಡಕ, ಎಲ್ಲವೂ ನಡುಗಿದವು. ನಾನೋ, ಫ್ಯಾನು ಕಿರ್ ಎಂದರೂ ಮಂಚ ಸರಿಸಿ ಮಲಗುವ ಆಸಾಮಿ. ಕೊಳ್ಳೇಗಾಲದಿಂದ ಹನೂರಿನವರೆಗೆ ಆ ನಡುಕದಲ್ಲೇ ಬಂದು, ಗಿರಾಕಿಗಳ ಮುಂದೆಯೇ ಕೂಗಾಡಿದೆ.

ನೀನು ಕೈ ಒರೆಸಿಕೊಂಡು ಕೇಳಿದೆ: "ಬಾನೆಟ್ ಒಳಗೆ ಯಾರಾರ ಕೈ ಆಕಿದ್ರಾ ಸಾ?"

"ನಿನ್ನ ಬಿಟ್ಟು ಯಾರೂ ಮುಟ್ಟಿಲ್ಲ ಕಣಯ್ಯ."

"ಒಂದ್ಗಳಿಗೆ ತಗೀರಿ, ನೋಡ್ಬುಡ್ತೀನಿ."

ತೆಗೆಯಲಿಲ್ಲ. ಗಾಡಿ ತಿರುಗಿಸಿದೆ. ನೀನು ನಕಲಿ ಮೌಂಟ್ ಹಾಕುತ್ತೀಯೆಂದು ಆಫೀಸಿನಲ್ಲೆಲ್ಲ ಸಾರಿದೆ. ನಿನ್ನಲ್ಲಿಗೆ ಬರುತ್ತಿದ್ದ ನಮ್ಮ ಆಫೀಸಿನ ನಾಲ್ವರೂ ಬಿಟ್ಟರು, ಅವರ ನೆಂಟರಿಷ್ಟರೂ ಬಿಟ್ಟರು. ಈಗ ನೀನು ಗ್ಯಾರೇಜು ಮುಚ್ಚಿ, ಕುಂತೂರಿನಲ್ಲಿ ಯಾರದೋ ಕೈಕೆಳಗೆ ಕಬ್ಬಿನ ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದೀಯಂತೆ. ನನ್ನ ಒಂದು ಮಾತಿಗೇ ಮುಚ್ಚಿತೋ, ಬೇರೆ ಕಾರಣವಿತ್ತೋ — ಹಾಗೆ ಯೋಚಿಸುವುದೂ ನುಣುಚಿಕೊಳ್ಳುವ ದಾರಿಯೇ. ನನಗೆ ನನ್ನ ಮೇಲೆಯೇ ರೇಗುತ್ತದೆ. ಎಲ್ಲದಕ್ಕೂ ಹೆದರುವವನು, ಒಬ್ಬನ ಹೆಸರು ಕೆಡಿಸಲು ಮಾತ್ರ ಹೆದರಲಿಲ್ಲ.

ನಿನ್ನ ಮೇಲೆ ಕೂಗಾಡಿದ ಮೂರನೇ ದಿನ ಕೊಳ್ಳೇಗಾಲದ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ನಕ್ಕ. "ಪೂಜೆ ಭಾರಿ ಜೋರು ಕಣ್ರಿ ಸಾ. ವೈರ್ ಬುಡಕ್ಕೂ ಇಬೂತಿ ಬಳ್ದಿದ್ದೀರಲ್ಲ." ಆ ವೈರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ನಡುಕ ನಿಂತಿತು. ಯಾರೂ ಮುಟ್ಟಿಲ್ಲ ಎಂದಾಗ, ಪೂಜೆಗೆಂದು ನಾನೇ ಕೈ ಹಾಕಿದ್ದನ್ನು ಮುಟ್ಟಿದ್ದೆಂದು ಎಣಿಸಿರಲೇ ಇಲ್ಲ. ಗೊತ್ತಾದ ಮೇಲೂ ಆಫೀಸಿನಲ್ಲಿ ಬಾಯಿ ಬಿಡಲಿಲ್ಲ — ನಗುತ್ತಾರೆಂದು.

ಈ ಭಾನುವಾರ ಆ ನಾಲ್ವರನ್ನೂ ಕರೆದುಕೊಂಡು ಕುಂತೂರಿಗೆ ಬರುತ್ತೇನೆ. ಅಲ್ಲಿ ಎಷ್ಟು ಜನರಿದ್ದರೂ ಸರಿ, ಅವರ ಮುಂದೆಯೇ ಹೇಳುತ್ತೇನೆ: ಹಬ್ಬದ ಬೆಳಿಗ್ಗೆ ಎಂಜಿನ್ ಒರೆಸಿ ವಿಭೂತಿ ಹಚ್ಚಲು ಒಂದು ಪ್ಲಗ್ ವೈರ್ ಎತ್ತಿದ್ದೆ, ಮತ್ತೆ ಒತ್ತಿ ಕೂರಿಸಲಿಲ್ಲ.